ಸೂಜಿಮೊನೆಯಷ್ಟು ತೂತು

ನಾನು ಹೆದರುಪುಕ್ಕಲ. ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುವಾಗ ಟಿಕೆಟ್ ಎಲ್ಲೋ ಬಿದ್ದುಹೋಯಿತೇನೋ ಎಂದು ನಾಲ್ಕು ಸಲ ಜೇಬು ಮುಟ್ಟಿಕೊಳ್ಳುತ್ತೇನೆ. ಪ್ರಿನ್ಸಿಪಾಲರು ಕರೆಯುತ್ತಾರೆಂದರೆ, ಯಾವ ತಪ್ಪಿಗೆ ಎಂದು ದಾರಿಯಲ್ಲೇ ಪಟ್ಟಿ ಮಾಡಿಕೊಳ್ಳುತ್ತೇನೆ. ಇಂಥವನು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ, ನೋಡಿ.

ನಮ್ಮ ಲ್ಯಾಬಿನ ಕತ್ತಲೆಕೋಣೆಯಲ್ಲಿ ಒಂದು ಪ್ರಯೋಗವಿದೆ. ಕಾಗದದಷ್ಟು ತೆಳ್ಳನೆಯ ತಗಡಿನ ಹಾಳೆಯಲ್ಲಿ ಒಂದು ಪುಟ್ಟ ತೂತು, ಅದರ ಮುಂದೆ ಲೇಸರ್ ದೀಪ. ಸ್ಕೇಲಿಗೆ ಸಿಗದ ಆ ತೂತನ್ನು ಬೆಳಕೇ ಅಳೆದುಕೊಡುತ್ತದೆ. ತೂತಿನಿಂದ ತೂರಿದ ಬೆಳಕು ಎದುರು ಗೋಡೆಯ ಮೇಲೆ ಕೆಂಪು ಬೊಟ್ಟಾಗಿ, ಅದರ ಸುತ್ತ ಬಳೆ ಬಳೆಯಾಗಿ ಹರಡುತ್ತದೆ. ಇದಕ್ಕೆ ವಿವರ್ತನೆ ಎಂದು ಹೆಸರು. ವಿಚಿತ್ರವೆಂದರೆ ತೂತು ಚಿಕ್ಕದಾದಷ್ಟೂ ಬಳೆ ದೊಡ್ಡದು. ಬಳೆಯನ್ನು ಅಳೆದು ಲೆಕ್ಕ ಹಾಕಿದರೆ ತೂತಿನ ಅಗಲ ಸಿಗುತ್ತದೆ.

ಸಿಗುತ್ತದೆ ಎಂದು ಪುಸ್ತಕ ಹೇಳುತ್ತದೆ. ನಮ್ಮಲ್ಲಿ ಅದು ಸಿಗುವುದು ಸೀನಿಯರುಗಳ ರೆಕಾರ್ಡ್ ಪುಸ್ತಕದಲ್ಲಿ. ತೂತು ಪಾಯಿಂಟ್ ಎರಡು ಮಿಲಿಮೀಟರ್ ಎಂಬುದು ಅಜ್ಜಿ ಹೇಳಿಕೊಟ್ಟ ಉಪ್ಪಿನಕಾಯಿಯ ಅಳತೆಯಂತೆ ಕೈಯಿಂದ ಕೈಗೆ ದಾಟಿಬಂದಿದೆ. ಮಕ್ಕಳು ಉತ್ತರದಿಂದ ಹಿಂದಕ್ಕೆ ಲೆಕ್ಕ ಮಾಡಿ ಬಳೆಯ ಅಳತೆ ಬರೆಯುತ್ತಾರೆ. ನಾನೂ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದೆ.

ಈ ಸಲ ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ, ಧೂಳು ಕೂತಿದೆಯೆಂದು ಆ ತಗಡನ್ನು ಕರವಸ್ತ್ರದಿಂದ ಒರೆಸಿದೆ. ಪರ್ರೆಂದು ಹರಿಯಿತು. ವಿಭಾಗದ ಮುಖ್ಯಸ್ಥರಿಗೆ ಹೇಳಿ ಸ್ಟಾಕ್ ಪುಸ್ತಕದಲ್ಲಿ ಬರೆಸಬೇಕಿತ್ತು. ಭಯಕ್ಕೆ ಹೇಳಲಿಲ್ಲ. ಹೆಂಡತಿ ಚಪಾತಿ ಸುತ್ತಿ ಕೊಟ್ಟಿದ್ದ ಬೆಳ್ಳಿಹಾಳೆಯ ಎಣ್ಣೆ ಒರೆಸಿ, ಸೂಜಿಮೊನೆ ತಾಗಿಸಿ, ಹಳೆಯ ಚೌಕಟ್ಟಿಗೆ ಅಂಟಿಸಿದೆ. ಹೊಸ ತೂತು ಎಷ್ಟಿದೆಯೆಂದು ಅಳೆಯುವ ಧೈರ್ಯವೂ ಆಗಲಿಲ್ಲ.

ಮರುದಿನ ಬೇರೆ ಕಾಲೇಜಿನ ಪರೀಕ್ಷಕರೊಬ್ಬರು ಬಂದರು. ನಾಲ್ವರಿಗೆ ಇದೇ ಪ್ರಯೋಗ ಬಿದ್ದಿತ್ತು. ಮೂವರು ಚಕಚಕನೆ ಪಾಯಿಂಟ್ ಎರಡು ಎಂದು ಬರೆದು ಕೂತರು. ನಾಲ್ಕನೆಯವಳು ಹರವೆ ಕಡೆಯ ಸವಿತಾ. ಬಿ.ಎಡ್ ಸೀಟಿಗೆ ಒಂದೊಂದು ಅಂಕವೂ ಬೇಕಾಗಿದ್ದ ಹುಡುಗಿ. ಅವಳು ನಿಜವಾಗಿಯೇ ಅಳೆದಿದ್ದಳು. ಮುಖ ಬೆವರಿತ್ತು.

"ಸಾ, ನಂದು ಪಾಯಿಂಟ್ ಮೂರು ಬತ್ತಾ ಅದೆ. ಮೂರ್ ಸತಿ ಅಳ್ದೆ. ಎಲ್ರುದೂ ಎರಡು. ಒಡ್ದಾಕ್ಬುಡ್ಲಾ?"

ಗೋಡೆ ನೋಡಿದೆ. ಬಳೆಗಳು ಎಂದಿಗಿಂತ ಚಿಕ್ಕವಾಗಿದ್ದವು, ಅಂದರೆ ನನ್ನ ತೂತು ದೊಡ್ಡದಾಗಿತ್ತು. ಅವಳದೇ ಸರಿ. ಹೊಡೆದುಹಾಕು ಎಂದರೆ ನಾನು ಬಚಾವು. ಸುಮ್ಮನಿದ್ದರೂ ಸಾಕು, ಅವಳ ಪೆನ್ನು ಆಗಲೇ ಉತ್ತರದ ಮೇಲೆ ಬಂದಿತ್ತು. ಪರೀಕ್ಷಕರ ಚಪ್ಪಲಿಯ ಸದ್ದು ಬಾಗಿಲ ಬಳಿ ಕೇಳಿತು. ಅಷ್ಟು ಹೆದರಿದ್ದು ನನ್ನ ಸ್ವಂತ ಪರೀಕ್ಷೆಗಳಲ್ಲೂ ಇಲ್ಲ.

"ಹೊಡೀಬೇಡ ಕಣಮ್ಮ" ಎಂದೆ. ಆಮೇಲೆ ಪರೀಕ್ಷಕರತ್ತ ತಿರುಗಿ, ತಗಡು ಹರಿದದ್ದು, ಚಪಾತಿಯ ಹಾಳೆ, ಸೂಜಿ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಿಬಿಟ್ಟೆ.

ಅವರು ಬಳೆಯನ್ನು ತಾವೇ ಅಳೆದರು. ಸವಿತಾಳಿಗೆ ಪೂರ್ತಿ ಅಂಕ ಕೊಟ್ಟರು. ಉಳಿದ ಮೂವರನ್ನು ಮತ್ತೆ ಅಳೆಯಲು ಕೂರಿಸಿದರು. ನನ್ನನ್ನು ಮಾತ್ರ ಕಾರಿಡಾರಿಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೆ.

ಅವರು ಆಚೀಚೆ ನೋಡಿ ಮೆಲ್ಲಗೆ ಹೇಳಿದರು: "ನಮ್ಮ ಕಾಲೇಜಿನ ತಗಡನ್ನ ನಾನು ಇವತ್ತಿನವರೆಗೂ ಅಳೆದಿಲ್ಲ ಸಾರ್. ಏನು ಬಂದುಬಿಡುತ್ತೋ ಅಂತ ಭಯ."

ಸಂಜೆ ಬಸ್ ನಿಲ್ದಾಣದಲ್ಲಿ ಸವಿತಾ ಸಿಕ್ಕಳು. "ನೀವೂ ಎದ್ರುಕತೀರಾ ಸಾ?" ಎಂದು ಕೇಳಿದಳು. ಟಿಕೆಟ್ಟಿಗೆ ಚಿಲ್ಲರೆ ಇದೆಯೇ ಎಂದು ನಾಲ್ಕನೆಯ ಸಲ ಜೇಬು ಮುಟ್ಟಿಕೊಂಡೆ.

ಈಗಲೂ ಭಯ ಬಂದಾಗ ಅದು ಆ ಬಳೆಗಳಂತೆ ಗೋಡೆ ತುಂಬ ಹರಡುತ್ತದೆ. ಇಷ್ಟು ದೊಡ್ಡ ಬಳೆಯೆಂದರೆ ಅದರ ಹಿಂದಿರುವ ತೂತು ಬಲು ಚಿಕ್ಕದಿರಬೇಕು ಎಂದು ಲೆಕ್ಕ ಹಾಕುತ್ತೇನೆ. ಧೈರ್ಯಶಾಲಿಯಾದೆನೆಂದು ತಿಳಿಯಬೇಡಿ. ಮೊದಲು ಅಳೆಯದೆ ಹೆದರುತ್ತಿದ್ದೆ, ಈಗ ಅಳೆದು ಹೆದರುತ್ತೇನೆ.