ಪದಕದ ಮೇಲಿನ ಎರಡನೆಯ ಪದ

ಬ್ರಾನ್ವಿನ್ ಹೆಗಾರ್ಟಿ ಸುಗ್ಗಿಯಲ್ಲಿ ಗೋಧಿ ಲಾರಿ ಓಡಿಸುತ್ತಾಳೆ. ಚಳಿಗಾಲದ ಶನಿವಾರಗಳಲ್ಲಿ ಕಲ್ಕಾರಾ ಊರಿನ ಹೆಂಗಸರ ಫುಟ್‌ಬಾಲ್ ತಂಡಕ್ಕೆ ಆಡುತ್ತಾಳೆ. ಚೆಂಡನ್ನು ಕೈಯಲ್ಲೂ ಹಿಡಿದು ಆಡುವ ಫುಟ್‌ಬಾಲ್ ಇದು. ಆರಡಿ ಎತ್ತರ, ಚೆಂಡು ಮೇಲೆದ್ದರೆ ಮೊದಲು ತಾಗುವುದು ಅವಳ ಕೈ. ಎದುರಾಳಿ ಬಿದ್ದರೆ ಎಬ್ಬಿಸುತ್ತಾಳೆ, ಬೆನ್ನಿನ ಮಣ್ಣು ಕೊಡವುತ್ತಾಳೆ, ಸ್ವಲ್ಪ ಹೊತ್ತಿಗೆ ಅವಳನ್ನೇ ಮತ್ತೆ ಬೀಳಿಸುತ್ತಾಳೆ.

ನಮ್ಮ ಲೀಗ್ ವರ್ಷದ ಆಟಗಾರ್ತಿಗೆ ಕೊಡುವ ಪದಕದ ಮೇಲೆ ‘ಬೆಸ್ಟ್ ಅಂಡ್ ಫೇರೆಸ್ಟ್’ ಎಂದಿರುತ್ತದೆ. ಹಳೆಯ ಇಂಗ್ಲಿಷಿನಲ್ಲಿ ಫೇರ್ ಎಂದರೆ ಚೆಲುವು. ಫೇರೆಸ್ಟ್ ಎಂದರೆ ಎಲ್ಲರಿಗಿಂತ ಚೆಲುವೆ. ಕಲೆಯಿಲ್ಲದ್ದು, ಮೋಸವಿಲ್ಲದ್ದು, ನ್ಯಾಯವಾದದ್ದು ಎಂಬ ಅರ್ಥಗಳು ಆಮೇಲೆ ಕೂಡಿಕೊಂಡವು. ಬೇರೆಡೆ ಆ ಪದ ಕಥೆಯ ರಾಜಕುಮಾರಿಯರಿಗೆ ಮೀಸಲು. ನಮ್ಮಲ್ಲಿ ಮೂಗು ಮುರಿದುಕೊಂಡವರಿಗೆ. ಅದಕ್ಕೆ ಇಲ್ಲಿ ಖಚಿತವಾದ ಅಳತೆಯೂ ಇದೆ. ತಪ್ಪಾಟಕ್ಕೆ ಅಮಾನತಾದವಳು ಎಷ್ಟೇ ಚೆನ್ನಾಗಿ ಆಡಿದರೂ ಆ ವರ್ಷ ಪದಕವಿಲ್ಲ. ಪದಕ ಯಾರಿಗೆಂದು ತೀರ್ಮಾನಿಸುವುದು ಅಂಪೈರ್‌ಗಳ ಮತ; ಅಂಥವಳಿಗೆ ಬಿದ್ದ ಮತಗಳನ್ನೂ ವರ್ಷದ ಕೊನೆಯ ಎಣಿಕೆಯ ಸಭೆಯಲ್ಲಿ ಗಟ್ಟಿಯಾಗಿಯೇ ಓದುತ್ತಾರೆ.

ಬ್ರಾನ್‌ಗೆ ಎರಡು ಸಲ ಸ್ವಲ್ಪದರಲ್ಲಿ ಪದಕ ತಪ್ಪಿತ್ತು. ಇದು ಅವಳ ಕೊನೆಯ ವರ್ಷ, ಈ ಸಲ ಅವಳದೇ ಎಂದು ಊರೆಲ್ಲ ಹೇಳುತ್ತಿತ್ತು. ಫೈನಲ್‌ಗೆ ಮುಂಚಿನ ಪಂದ್ಯದಲ್ಲಿ ಅವಳು ಬೀಸಿದ ಮೊಣಕೈ ಎದುರಾಳಿಯೊಬ್ಬಳ ದವಡೆಗೆ ಬಡಿಯಿತು. ಚೆಂಡು ಆ ಹತ್ತಿರವೇ ಇರಲಿಲ್ಲ. ಹಿಂದಿನಿಂದ ಬಂದ ಏಟು. ತಿಂದವಳಿಗೂ ಯಾರದೆಂದು ತಿಳಿಯಲಿಲ್ಲ. ಅಂಪೈರ್ ತಿರುಗಿ ನೋಡಿದಾಗ ಪಕ್ಕದಲ್ಲಿದ್ದವಳು ನಮ್ಮದೇ ತಂಡದ ಟಲೀಶಾ. ದೂರು ಅವಳ ಮೇಲಾಯಿತು. ಹೊಡೆದದ್ದು ತಾನೆಂದು ಬ್ರಾನ್ ಆಟ ಮುಗಿದ ಮೇಲೆ ತಂಡದವರಿಗೆ ಹೇಳಿದಳು.

“ಟಲೀಶಾ ಒಂದು ಮ್ಯಾಚ್ ಹೊರಗೆ ಕೂತ್ರೆ ಆಕಾಶ ಏನೂ ಬೀಳಲ್ಲ,” ಎಂದ ತರಬೇತುದಾರ ಗ್ರೇಮ್. “ನೀನು ಒಪ್ಕೊಂಡ್ರೆ ಫೈನಲ್ಲೂ ಹೋಯ್ತು, ನಿನ್ನ ಪದಕಾನೂ ಹೋಯ್ತು. ಬಾಯಿ ಮುಚ್ಕೊಂಡಿರೇ ಮಾರಾಯ್ತಿ.”

“ಹೌದು ಬ್ರಾನ್, ಬಿಡು. ನಾನು ಮನೇಲಿರ್ತೀನಿ,” ಎಂದಳು ಟಲೀಶಾ.

“ನೀನು ಸುಮ್ನಿರೇ! ನಿನ್ ಮೊಣಕೈ ಅಷ್ಟೆತ್ತರ ಹೋಗುತ್ತಾ? ಅಂಪೈರ್ ಅದನ್ನ ನಿಂದು ಅಂತ ನಂಬಿದ್ದೇ ನನಗೆ ಅವಮಾನ,” ಎಂದಳು ಬ್ರಾನ್.

ವಿಚಾರಣೆಯಲ್ಲಿ ಬ್ರಾನ್ ಎದ್ದು ನಿಂತು, “ಹೊಡೆದದ್ದು ನಾನು. ಸಿಟ್ಟು ಬಂದಿತ್ತು,” ಎಂದಳು. ಅಷ್ಟೇ, ಸಮಜಾಯಿಷಿ ಕೊಡಲಿಲ್ಲ. ಅವಳಿಗೆ ಎರಡು ಪಂದ್ಯಗಳ ಅಮಾನತು. ಟಲೀಶಾ ಫೈನಲ್ ಆಡಿದಳು, ಚೆನ್ನಾಗಿಯೇ ಆಡಿದಳು. ಬ್ರಾನ್ ಇಲ್ಲದ ತಂಡ ಸೋತಿತು. ಬೇಲಿಯಾಚೆಯಿಂದ ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. ಗ್ರೇಮ್ ಅವಳನ್ನು ಮಾತಾಡಿಸುವುದನ್ನೇ ಬಿಟ್ಟ.

ಪ್ರತಿ ಪಂದ್ಯದ ಕೊನೆಗೆ ಅಂಪೈರ್‌ಗಳು ಅತ್ಯುತ್ತಮ ಆಟಗಾರ್ತಿಗೆ ಮೂರು ಮತ ಬರೆದು, ಲಕೋಟೆ ಅಂಟಿಸಿಬಿಡುತ್ತಾರೆ. ಎಣಿಕೆಯ ದಿನ ಸಭಾಂಗಣದಲ್ಲಿ ಎಲ್ಲರ ಮುಂದೆ ಅವನ್ನು ಒಡೆದರು. ಫೈನಲ್‌ಗೆ ಮತವಿಲ್ಲ, ಹಾಗಾಗಿ ಮೊಣಕೈ ಬೀಸಿದ ಆ ಪಂದ್ಯದ ಲಕೋಟೆಯೇ ಕೊನೆಯದು.

“ಮೂರು ಮತ, ಕಲ್ಕಾರಾದ ಬಿ. ಹೆಗಾರ್ಟಿ.”

ಎಲ್ಲರೂ ಬ್ರಾನ್ ಕಡೆ ತಿರುಗಿದರು.

“ಅಯ್ಯೋ, ಆ ಅಂಪೈರ್‌ಗೆ ಯಾರಾದ್ರೂ ಕನ್ನಡಕ ಕೊಡಿಸ್ರಪ್ಪಾ!” ಬ್ರಾನ್ ಕೂಗಿದಳು. ಸಭಾಂಗಣವೆಲ್ಲ ನಗೆ.

ಒಟ್ಟು ಮತಗಳಲ್ಲಿ ಅವಳೇ ಮೊದಲು. ಪದಕ ಎರಡನೆಯವಳಾದ ಪಕ್ಕದೂರಿನ ಶಾಲಾ ಶಿಕ್ಷಕಿಯ ಕೊರಳಿಗೆ ಹೋಯಿತು.

ಗ್ರೇಮ್ ಎರಡು ಬಿಯರ್ ಹಿಡಿದು ಬಂದು ಬ್ರಾನ್ ಪಕ್ಕ ಕೂತ. “ಕೈಯಲ್ಲಿದ್ದ ಪದಕಾನ ಎದ್ದು ನಿಂತು ಕೊಟ್ಬಿಟ್ಯಲ್ಲೇ, ಹುಚ್ಚಿ.”

“ಆವತ್ತು ಎಲ್ಲಿ ಕೊಟ್ಟೆ? ಹೊಡೆದಾಗ್ಲೇ ಹೋಗಿತ್ತು ಕಣೋ,” ಎಂದಳು ಬ್ರಾನ್, ಗ್ಲಾಸ್ ಎತ್ತಿಕೊಳ್ಳುತ್ತ. “ನಿಮಗ್ಯಾರಿಗೂ ಗೊತ್ತಾಗಿರ್ಲಿಲ್ಲ, ಅಷ್ಟೆ.”