ಡಾಕ್ಟರ್‌ಬಾಯಿಯ ಝಾಲರಿನ ಫ್ರಾಕು

ಕಮಲಾಬಾಯಿ ಡಾಕ್ಟರನ್ನು ನೆನೆದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ. ಮೇಲೆ ಹಳದಿ ಹೂವಿನ ಕಾಟನ್ ಫ್ರಾಕು, ಅದರ ಕೊರಳಿಗೆ, ತೋಳಿಗೆ, ಸೊಂಟಕ್ಕೆ, ಅಂಚಿಗೆ ನಾಲ್ಕೂ ಕಡೆ ನೆರಿಗೆ ಹಿಡಿದ ಝಾಲರು. ಕೆಳಗೆ ಸೆಗಣಿ ಮೆತ್ತಿದ ಕರಿ ಗಂಬೂಟು. ವಯಸ್ಸು ಐವತ್ತೇಳು. ಕೈಯಲ್ಲಿ ಎಮ್ಮೆಗೆ ಚುಚ್ಚುವ ಸೂಜಿ. ಈ ವೇಷದಲ್ಲಿ ಅವರು ದವಾಖಾನೆಯ ಬಾಗಿಲಿಗೆ ಬಂದು ನಿಂತರೆ, ಚುಚ್ಚಿಸಿಕೊಳ್ಳಲು ಬಂದ ಎಮ್ಮೆಯೂ ಒಂದು ಗಳಿಗೆ ಮೆಲುಕು ಹಾಕುವುದನ್ನು ಬಿಟ್ಟು ನೋಡುತ್ತಿತ್ತು. ಸುಳ್ಳಲ್ಲ, ನಾನು ಅಲ್ಲೇ ಇದ್ದೆ.

ಆಳಂದದಿಂದ ಖಜೂರಿ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ನಮ್ಮ ದನದ ದವಾಖಾನೆ. ಅವರು ಡಾಕ್ಟರು, ನಾನು ಅವರ ಕೈಕೆಳಗಿನ ಪಶು ವೈದ್ಯಕೀಯ ಪರೀಕ್ಷಕಿ. ಅವರು ವರ್ಗವಾಗಿ ಬಂದದ್ದು ಚಳಿಗಾಲದಲ್ಲಿ. ಆಗೆಲ್ಲ ಅಚ್ಚುಕಟ್ಟಾಗಿ ಇಳಕಲ್ ಸೀರೆ ಉಟ್ಟು ಬರುತ್ತಿದ್ದರು. ಪುಣ್ಯಕ್ಕೆ ಮರ್ಯಾದಸ್ಥ ಹೆಂಗಸು ಸಿಕ್ಕರು ಎಂದು ನಾನು ನೆಮ್ಮದಿಯಿಂದಿದ್ದೆ. ಯುಗಾದಿ ಮುಗಿದ ಮಾರನೆಯ ದಿನ ಸ್ಕೂಟಿಯಿಂದ ಈ ಹಳದಿ ಹೂವಿನ ತೋಟ ಇಳಿಯಿತು. ನನ್ನ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು.

"ಮೇಡಂ, ಇದು ಕೆಲಸಕ್ಕ ಹಾಕ್ಕೊಂಡ ಬರೂ ಅರಿವಿ ಏನ್ರಿ?" ಎಂದು ಕೇಳಿಯೇಬಿಟ್ಟೆ.

"ಮತ್ತ ಎಲ್ಲಿಗಿ ಹಾಕ್ಕೊಂಡ ಹೋಗ್ಲಿ, ಸುಜಾತಾ? ಬೆಳಗಾದ್ರ ಸಂಜೀತನಾ ಇಲ್ಲೇ ಇರ್ತೇನಿ. ಮನ್ಯಾಗ ಹಾಕ್ಕೊಂಡ್ರ ಗೋಡಿ ನೋಡಬೇಕು. ಯುಗಾದಿಯಿಂದ ಮಿರಗದ ಮಳಿ ಬರೂತನಾ, ಬ್ಯಾಸಿಗಿ ಪೂರ್ತಿ ಫ್ರಾಕು. ಮಳಿ ಬಿದ್ದ ಮ್ಯಾಲ ನಿಮ್ಮ ಸೀರಿ ನೀವೆಲ್ಲಾ ಉಡಸ್ರಿ, ಬ್ಯಾಡ ಅನ್ನಂಗಿಲ್ಲ."

ನನಗೆ ಸಿಟ್ಟು ಬಂತು. ಝಾಲರು ಎಂದರೆ ಸಣ್ಣ ಹುಡುಗಿಯರ ಹುಟ್ಟುಹಬ್ಬಕ್ಕೆ ಎಂದು ತಿಳಿದವಳು ನಾನು. ದುಪಟ್ಟಾಕ್ಕೆ ಎರಡೂ ಹೆಗಲ ಮೇಲೆ ಪಿನ್ನು ಚುಚ್ಚಿ, ಒಳಗೆ ಬೆವರಿನಲ್ಲಿ ಬೆಂದು, ಕೊರಳ ಸುತ್ತ ಗುಳ್ಳೆ ಏಳಿಸಿಕೊಂಡು ಕೆಲಸ ಮಾಡುವುದೇ ನೌಕರಿಯ ಲಕ್ಷಣ ಎಂದು ನಂಬಿದ್ದೆ. ಅವರು ನನ್ನ ಕೊರಳ ಗುಳ್ಳೆ ನೋಡಿ, "ಬ್ಯಾಸಿಗಿ ನಿನಗ ಭಾಳ ಸನ್ಮಾನ ಮಾಡ್ಯಾದ ನೋಡ" ಎಂದು ಪೌಡರ್ ಡಬ್ಬಿ ಮುಂದೆ ಸರಿಸಿದರು.

ಇನ್ನು ಊರಿನವರದು. ನಮ್ಮ ಕಡೆ ಹೆಂಗಸರ ಒಂದು ಪದ್ಧತಿ ಇದೆ. ನೈಟಿ ಎಂಬುದು ಹೆಸರಿಗೆ ರಾತ್ರಿಯದು, ಉಪಯೋಗ ಎಲ್ಲ ಹಗಲಿಗೆ. ಅದರ ಮೈತುಂಬ ಗುಲಾಬಿ ಇರಲಿ, ಎದೆಗೆ ಮೂರು ಸುತ್ತು ಝಾಲರು ಇರಲಿ, ಮೇಲೊಂದು ಟವೆಲ್ ಹೊದ್ದರೆ ಮುಗಿಯಿತು. ಹಿಟ್ಟಿನ ಗಿರಣಿಗೆ ಹೋಗಬಹುದು, ಕಿರಾಣಿ ಅಂಗಡಿಗೆ ಹೋಗಬಹುದು, ಮಗುವನ್ನು ಶಾಲೆಗೆ ಬಿಡಬಹುದು, ಬೀಗರು ಎದುರಾದರೆ ನಿಂತು ಮಾತಾಡಬಹುದು. ಟವೆಲ್ ಇದ್ದರೆ ಮಾನ ಇದೆ. ಹಾಗಾಗಿ ಡಾಕ್ಟರ್‌ಬಾಯಿಯ ಫ್ರಾಕನ್ನು ನೋಡಿದ ಊರಿಗೆ ಬಂದ ಅನುಮಾನ ಒಂದೇ. ಪಾಪ, ಬಾಯಾರು ಅವಸರದಲ್ಲಿ ನೈಟಿಯಲ್ಲೇ ಬಂದುಬಿಟ್ಟಿದ್ದಾರೆ, ಟವೆಲ್ ಮನೆಯಲ್ಲೇ ಮರೆತಿದ್ದಾರೆ!

ಮೊದಲ ದಿನ ಎಮ್ಮೆ ಹೊಡೆದುಕೊಂಡು ಬಂದ ಭಾಗಮ್ಮಾಯಿ ನೇರ ಒಳಗೆ ಬಂದಳು. ಎಪ್ಪತ್ತರ ಮುದುಕಿ, ದನಿ ಮಾತ್ರ ಇಪ್ಪತ್ತರದು. ಗುಲಾಬಿ ನೈಟಿ, ಮೇಲೆ ಚೌಕಡಿ ಟವೆಲ್. ಡಾಕ್ಟರ ಕಿವಿಯ ಹತ್ತಿರ ಬಗ್ಗಿ, ಇಡೀ ಓಣಿಗೆ ಕೇಳುವಂತೆ ಪಿಸುಗುಟ್ಟಿದಳು.

"ಬಾಯಾರ, ಗಡಿಬಿಡ್ಯಾಗ ಹಂಗೇ ಬಂದೀರಿ. ತಗೋರಿ, ನನ್ನ ಟವೆಲ್ ಹೊದಕೋರಿ. ನಂದೇನ್, ಮುದುಕಿದು, ಯಾರ್ ನೋಡ್ತಾರ?"

ಡಾಕ್ಟರು ಬೇಡ ಎನ್ನಲಿಲ್ಲ. ಟವೆಲ್ಲನ್ನು ಎರಡು ಕೈಯಲ್ಲಿ ತೆಗೆದುಕೊಂಡು ಕಿಟಕಿಯ ಸರಳಿಗೆ ಹಾಕಿದರು. ಮರುದಿನ ಇನ್ನೊಬ್ಬಳು ತಂದಳು. ವಾರದಲ್ಲಿ ನಮ್ಮ ಕಿಟಕಿ ಟವೆಲ್ ಅಂಗಡಿಯ ಹಾಗಾಯಿತು. ಅಷ್ಟರಲ್ಲಿ ಯಾರದೋ ಎಮ್ಮೆ ದವಾಖಾನೆಯಲ್ಲೇ ಈಯಿತು. ಡಾಕ್ಟರು ಸರಳಿನಿಂದ ಒಂದು ಟವೆಲ್ ಎಳೆದು ಕರುವಿನ ಮೈ ಒರೆಸಿ, ಅದೇ ಟವೆಲ್ ಹೊದಿಸಿ ಮನೆಗೆ ಕಳಿಸಿದರು. "ನೋಡ್ರಿ, ಇದಕ್ಕ ಖರೇನೇ ಮೈಮ್ಯಾಲ ಏನೂ ಇಲ್ಲ" ಎಂದರು. ಅಂದಿನಿಂದ ಹೆಂಗಸರು ತರುವ ಟವೆಲ್ಲು ಕರುಗಳ ಪಾಲಾದವು.

ಒಂದು ಮಧ್ಯಾಹ್ನ ಕರೆಂಟ್ ಹೋಗಿ, ದನಗಳೂ ಬಾರದೆ, ಇಬ್ಬರೂ ಬೇವಿನ ನೆರಳಲ್ಲಿ ಕೂತಿದ್ದಾಗ ನಾನು ಮತ್ತೆ ಕೆಣಕಿದೆ. ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದೆ. ಆಗ ಹೇಳಿದರು.

"ನಮ್ಮೂರು ಅಫಜಲಪುರ ತಾಲೂಕಿನ ಅತನೂರು. ನಮ್ಮಪ್ಪ ಒಂದ್ ಬ್ಯಾಸಿಗ್ಯಾಗ ಸೋಲಾಪುರದಿಂದ ನನಗ ಫ್ರಾಕ್ ತಂದಿದ್ದ. ಇಂಥಾದ್ದೇ ಹಳದಿ ಹೂವಿಂದು, ಮೈತುಂಬ ಝಾಲರು. ಬ್ಯಾಸಿಗಿ ಮುಗಿಯೂತನಾ ಅದನ್ನೇ ಹಾಕ್ಕೋಬೇಕಂತ ಮಾಡಿದ್ದೆ. ಎರಡ ದಿನ ಹಾಕ್ಕೊಂಡೆ. ಮೂರನೇ ದಿನ ದೊಡ್ಡಾಕಿ ಆದೆ. ಸೀರಿ ಉಡಿಸಿ ಮೂಲ್ಯಾಗ ಕುಂಡ್ರಿಸಿದ್ರು. ಫ್ರಾಕ್ ನಮ್ಮ ತಂಗಿಗಿ ಕೊಟ್ರು. ಆಕಿ ಅದನ್ನ ಹಾಕ್ಕೊಂಡ ನನ್ನ ಮುಂದೇ ಗರಗರ ತಿರಗತಿದ್ಲು ಬೇ! ನಾ ಸೀರಿಯಾಗ ಕುಂತು ನೋಡತಿದ್ದೆ."

ಫ್ರಾಕಿನ ಮೇಲೆ ಬಿದ್ದ ಬೇವಿನ ಎಲೆಯೊಂದನ್ನು ಕೊಡವಿ, "ಆಮ್ಯಾಲ ಓದು, ನೌಕರಿ, ಮದಿವಿ, ಅತ್ತಿ, ಮಾವ. ಯಾರಿಗೂ ಒಲ್ಲೆ ಅನ್ಲಿಲ್ಲ. ಈಗ ಕೇಳವ್ರು ಯಾರೂ ಉಳದಿಲ್ಲ. ರಿಟೈರ್ ಆಗಾಕ ಮೂರ್ ಬ್ಯಾಸಿಗಿ ಅದಾವ. ಅವಷ್ಟು ನನ್ವು" ಎಂದರು. ಆ ಮೂರು ಬೇಸಿಗೆಗೆ ಯಾರೂ ಅಡ್ಡ ಬರದಿರಲಿ ಎಂದು ಮೊದಲ ಸಲ ಅನಿಸಿದ್ದು ಆಗ.

ಅಡ್ಡ ಬಂದದ್ದು ಮೊದಲು ಮನುಷ್ಯರಲ್ಲ, ಭಾಗಮ್ಮಾಯಿಯ ಎಮ್ಮೆ. ಪಕ್ಕದ ಎಮ್ಮೆಗೆ ಗಬ್ಬ ನಿಂತಿದೆಯೇ ಎಂದು ನೋಡುತ್ತ ಡಾಕ್ಟರು ಮೈಮರೆತಿದ್ದಾಗ ಇದು ಕತ್ತು ಚಾಚಿ ಫ್ರಾಕಿನ ಅಂಚನ್ನು ಬಾಯಿಗೆ ಹಾಕಿಕೊಂಡಿತು. ನಾನು ಎಳೆದೆ, ಭಾಗಮ್ಮಾಯಿ ಎಳೆದಳು. ಎಮ್ಮೆಯೇ ಗೆದ್ದಿತು. ಡಾಕ್ಟರು ತಿರುಗಿ ನೋಡಿ, "ನಿನಗೂ ಝಾಲರಿನ ಆಸೆ ಏನ್ ಬೇ? ತಿನ್ನು, ಹಳದಿ ಹೂವೇ ಅದ" ಎಂದರು. ಏಪ್ರನ್ ಯಾಕೆ ಹಾಕಲಿಲ್ಲ ಎಂದರೆ, "ಅದು ಮುಂದಿಂದಷ್ಟೇ ಕಾಯ್ತದ, ಎಮ್ಮಿ ಹಿಂದಿಂದ ಬಂತು" ಎಂಬ ಉತ್ತರ.

ಆ ಸಂಜೆ ಆಳಂದದಲ್ಲಿ ಖುರ್ಷೀದಾಬಿಯ ಮನೆಗೆ ಹೋದೆವು. ಅವರ ಫ್ರಾಕುಗಳನ್ನೆಲ್ಲ ಹೊಲಿಯುತ್ತಿದ್ದವಳು ಆಕೆಯೇ. ಅಂಚಿನ ಝಾಲರು ತೆಗೆ ಎಂದರು ಡಾಕ್ಟರು. ಸ್ಕೂಟಿಯ ಗಾಲಿಗೂ ಅದು ಎರಡು ಸಲ ಸಿಕ್ಕಿತ್ತು. ತೋಳಿನದೂ ತೆಗೆ ಎಂದರು. ಗಬ್ಬ ನೋಡುವಾಗ ಕೈ ಹೆಗಲತನಕ ಒಳಗೆ ಹೋಗುತ್ತದೆ, ಹೆಗಲತನಕದ ಪ್ಲಾಸ್ಟಿಕ್ ಚೀಲದೊಳಗೆ ಝಾಲರು ಹಿಡಿಸುವುದಿಲ್ಲ. ಸೊಂಟದ್ದು ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನ ಮೊಳೆಗೆ ಸಿಗುತ್ತದೆ. ಖುರ್ಷೀದಾಬಿ ಕತ್ತರಿ ಕೆಳಗಿಟ್ಟಳು.

"ನಕ್ಕೋ ಆಪಾ, ಸಾಕ್ರಿ ಅಕ್ಕಾ! ಕೆಳಗ ಬ್ಯಾಡ, ತೋಳಿಗಿ ಬ್ಯಾಡ, ನಡಕ್ಕ ಬ್ಯಾಡ. ಮತ್ತ ಎಲ್ಲಿ ಇಡ್ಲಿ, ನೆತ್ತಿ ಮ್ಯಾಲ?"

ಕೊನೆಗೆ ಕೊರಳಿಗೆ ಒಂದು ಸುತ್ತು ಉಳಿಯಿತು. ಬದಲಿಗೆ ಥರ್ಮಾಮೀಟರ್ ಇಡಲು ಎರಡು ದೊಡ್ಡ ಕಿಸೆ ಬಂದವು. ಬಿಚ್ಚಿದ ಝಾಲರನ್ನು ಡಾಕ್ಟರು ಒಂದೊಂದಾಗಿ ಮಡಚಿ ಅಲ್ಲೇ ಬಿಟ್ಟು ಎದ್ದರು. ನಾನು ಗೆದ್ದವಳ ಹಾಗೆ ಬೀಗಬೇಕಿತ್ತು, ಆದರೆ ಸಂತೋಷವಾಗಲಿಲ್ಲ. ಎಮ್ಮೆಯ ಹಿಂದೆ ನಿಲ್ಲುವವರಿಗೆ ಝಾಲರು ಒಗ್ಗುವುದಿಲ್ಲ, ಇದನ್ನು ನಾನು ಇಂದಿಗೂ ಹೇಳುತ್ತೇನೆ. ಆದರೆ ನಮ್ಮ ಬಿಸಿಲಿಗೆ ಪಿನ್ನು ಚುಚ್ಚಿದ ದುಪಟ್ಟಾ ಒಗ್ಗುತ್ತದೆಯೇ? ಸೆಗಣಿಯಲ್ಲಿ ಎಳೆದಾಡುವ ಸೀರೆಯ ನಿರಿಗೆ ಒಗ್ಗುತ್ತದೆಯೇ? ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಎರಡನೆಯ ಬೇಸಿಗೆಯಲ್ಲಿ ಚಹಾದಂಗಡಿಯ ಕಟ್ಟೆಯ ಮೇಲೆ ಕೂರುವ ಹಿರಿಯರೊಬ್ಬರು ಮೇಲಿನವರಿಗೆ ಫೋನ್ ಮಾಡಿದರು. ಡಾಕ್ಟರು ನೈಟಿ ಹಾಕಿಕೊಂಡು ಸರಕಾರಿ ಕೆಲಸ ಮಾಡುತ್ತಾರೆ ಎಂಬ ದೂರು. ದೂರು ಕೊಟ್ಟವರು ಪಟ್ಟಾಪಟ್ಟಿ ಚಡ್ಡಿ, ಬನಿಯನ್ನಿನಲ್ಲಿ ಕೂತಿದ್ದರು ಎಂಬುದನ್ನು ಮಾತ್ರ ಮೇಲಿನವರಿಗೆ ಹೇಳಿರಲಿಕ್ಕಿಲ್ಲ. ಮೇ ತಿಂಗಳ ಸುಡು ಬಿಸಿಲಿನಲ್ಲಿ ಸಾಹೇಬರೊಬ್ಬರು ವಿಚಾರಣೆಗೆ ಬಂದರು. ದಪ್ಪ ಸಫಾರಿ, ಕಾಲಿಗೆ ಬೂಟು, ಸಾಕ್ಸು. ಮೈಯಿಂದ ನೀರು ಇಳಿಯುತ್ತಿತ್ತು. ಹೊರಗೆ ಎಮ್ಮೆ ಹಿಡಿದು ನಿಂತ ಹೆಂಗಸರೆಲ್ಲ ಕಿಟಕಿಗೆ ಮುಖ ಒತ್ತಿದರು.

ಸಾಹೇಬರು ಕೆಟ್ಟವರಲ್ಲ. ಫ್ರಾಕನ್ನು ನೋಡಿದರು, ಕಿಟಕಿಯ ಟವೆಲ್ಲು ನೋಡಿದರು, ದಾರಿ ಸಿಕ್ಕಿತು ಎಂದುಕೊಂಡರು.

"ಬಾಯಾರ, ಒಂದ್ ಕೆಲಸ ಮಾಡ್ರಿ. ಮ್ಯಾಲೊಂದು ಟವೆಲ್ ಹಾಕ್ಕೋರಿ. ಯಾರೂ ಏನೂ ಅನ್ನಂಗಿಲ್ಲ."

"ಟವೆಲ್ ಹಾಕ್ಕೊಂಡ್ರೇ ಇದು ನೈಟಿ ಆಗತದ್ರಿ ಸಾಹೇಬ್ರ. ಟವೆಲ್ ಇಲ್ದಿದ್ರ ಇದು ಫ್ರಾಕು. ನೈಟಿ ಹಾಕ್ಕೊಂಡ ನಾ ಕೆಲಸಕ್ಕ ಬರಂಗಿಲ್ಲ."

ಸಾಹೇಬರು ಇದನ್ನು ಮನಸ್ಸಿನಲ್ಲೇ ಎರಡು ಸಲ ತಿರುವಿ ನೋಡಿ ಸೋತರು. ಸೋತ ಸಿಟ್ಟಿಗೆ, "ಹಂಗಾದ್ರ ನಾಳಿಯಿಂದ ಸೀರಿ" ಎಂದುಬಿಟ್ಟರು. ಡಾಕ್ಟರು ಕುರ್ಚಿಯ ಮೇಲೆ ಕೂತರು. ಕೊರಳಿಗೆ ಉಳಿದಿದ್ದ ಒಂದು ಸುತ್ತು ಝಾಲರನ್ನು ಕೈಯಲ್ಲಿ ಮುಚ್ಚಿಕೊಂಡರು. ಮೂಲೆಯಲ್ಲಿ ಸೀರೆ ಉಟ್ಟು ಕೂತ ಆ ಹುಡುಗಿ ಹೇಗಿದ್ದಿರಬೇಕು ಎಂದು ನನಗೆ ಆಗ ಗೊತ್ತಾಯಿತು.

ಭಾಗಮ್ಮಾಯಿ ಒಳಗೆ ನುಗ್ಗಿದಳು. ಯಾರ ಜೊತೆಗೂ ಮಾತಾಡದೆ ಕಿಟಕಿಯ ಸರಳಿನಿಂದ ಟವೆಲ್ಲುಗಳನ್ನು ಒಂದೊಂದಾಗಿ ಎಳೆದು ಬಗಲಲ್ಲಿ ಇಟ್ಟುಕೊಂಡಳು.

"ಏನ್ ಮಾಡಾಕತ್ತೀರಿ ಆಯಿ?" ಎಂದರು ಸಾಹೇಬರು.

"ಒಯ್ಯಾಕತ್ತೇನ್ರಿ. ಇವು ನಮ್ಮವು, ಕರುಗೋಳಿಗಿ ಕೊಟ್ಟಿದ್ವಿ. ಬಾಯಾರ ಮ್ಯಾಲ ಹಾಕಾಕ ಈ ಊರಾಗ ಒಂದೂ ಟವೆಲ್ ಇಲ್ಲ." ಹೇಳಿ, ತನ್ನ ಹೆಗಲ ಮೇಲಿನದನ್ನೂ ಎಳೆದು ಬಗಲಿಗೆ ಸೇರಿಸಿದಳು. "ನಾನೂ ಹಿಂಗೇ ನಿಂತೇನಿ. ಉಡಸೂದಿದ್ರ ನನಗೂ ಸೀರಿ ಉಡಸ್ರಿ. ಎಮ್ಮಿ ನಮ್ದು, ಕಣ್ಣು ನಮ್ದು. ನಮ್ಮ ಕಣ್ಣಿಗಿ ಚುಚ್ಚಲಾರದ್ದು ಫೋನ್‌ನ್ಯಾಗ ಹೆಂಗ ಚುಚ್ಚಿತ್ರಿ?"

ಕಿಟಕಿಯಲ್ಲಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಹೆಗಲಿನ ಟವೆಲ್ ತೆಗೆದು ಮಡಚಿಕೊಂಡರು. ಸಾಹೇಬರು ಎಲ್ಲಿ ನೋಡಬೇಕೆಂದು ತಿಳಿಯದೆ ಮೇಲೆ ಫ್ಯಾನು ನೋಡಿದರು. ಅದೂ ನಿಂತಿತ್ತು. "ನೋಡೂಣ" ಎಂದು ಎದ್ದರು. ಸರಕಾರಿ ನೌಕರಿಯಲ್ಲಿ ಇಷ್ಟು ದಿನ ಕಳೆದ ನನಗೆ ಗೊತ್ತು, ನೋಡೋಣ ಎಂದರೆ ಇನ್ನು ಯಾರೂ ನೋಡುವುದಿಲ್ಲ. ಮರುದಿನ ಟವೆಲ್ಲುಗಳು ಒಗೆದು ಒಣಗಿ ಮತ್ತೆ ಸರಳಿಗೆ ಬಂದವು.

ಹೀಗೆ ಮೂರನೆಯ ಬೇಸಿಗೆಯೂ ಕಳೆಯುತ್ತ ಬಂತು. ಮೇ ತಿಂಗಳ ಕೊನೆಗೆ ಅವರ ನಿವೃತ್ತಿ. ಮಿರಗದ ಮಳೆಗೆ ಇನ್ನೂ ಒಂದು ವಾರವಿತ್ತು, ಆದರೂ ಬೀಳ್ಕೊಡುಗೆಯ ದಿನ ಅವರು ಸೀರೆ ಉಟ್ಟು ಬಂದರು! "ಸಾಹೇಬ್ರು ಬರ್ತಾರ. ಕಡೀ ದಿನ ಯಾಕ ಜಗಳ?" ಎಂದರು. ನನಗೆ ಅಳು ಬರುವಷ್ಟು ಬೇಜಾರಾಯಿತು.

ಹಾರ, ಭಾಷಣ ಎಲ್ಲ ಆದ ಮೇಲೆ ಹೆಂಗಸರು ಬಟ್ಟೆಯ ಉಡುಗೊರೆ ಕೊಟ್ಟು ಆಯೇರಿ ಮಾಡಲು ಬಂದರು. ಕುಂಕುಮ ಹಚ್ಚಿ, ಉಡಿ ತುಂಬಿ, ಭಾಗಮ್ಮಾಯಿ ಒಂದು ಪೊಟ್ಟಣ ಕೈಗಿಟ್ಟಳು. ಸೀರೆ ಇರಬೇಕು ಎಂದುಕೊಂಡು ಡಾಕ್ಟರು ಬಿಚ್ಚಿದರು. ಹಳದಿ ಹೂವಿನ ಫ್ರಾಕು! ಕೊರಳಿಗೆ, ತೋಳಿಗೆ, ನಡುವಿಗೆ, ಅಂಚಿಗೆ ಎರಡು ಸುತ್ತು, ತೆಗೆಸಿದ ಝಾಲರೆಲ್ಲ ತಿರುಗಿ ಬಂದಿದ್ದವು. ಹಿಂದೆ ನಿಂತಿದ್ದ ಖುರ್ಷೀದಾಬಿ, "ಇನ್ನ ಎಮ್ಮಿ ಇಲ್ಲಲ್ಲ ಆಪಾ, ಎಲ್ಲಾ ಇಟ್ಟೇನಿ" ಎಂದಳು.

"ಆಯೇರಿ ಮಾಡಿದ್ದು ಹಾಕ್ಕೊಂಡ ಬಂದು ತೋರಿಸಬೇಕು ಬಾಯಾರ, ಪದ್ಧತಿ ಅದ" ಎಂದಳು ಭಾಗಮ್ಮಾಯಿ, ಸಾಹೇಬರನ್ನು ನೋಡುತ್ತ. ಪದ್ಧತಿ ಎಂದ ಮೇಲೆ ಸಾಹೇಬರು ಏನು ಹೇಳಿಯಾರು? ಡಾಕ್ಟರು ಔಷಧಿ ಕೋಣೆಗೆ ಹೋದವರು ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು. ನಮ್ಮೆಲ್ಲರ ನಡುವೆ ನಿಂತು, ಅರವತ್ತರ ಆ ಹೆಂಗಸು ಗರಗರ ಒಂದು ಸುತ್ತು ತಿರುಗಿದರು.

ಜೇವರ್ಗಿಯಲ್ಲಿ ತಂಗಿಯ ಮನೆಯ ಹತ್ತಿರ ಬಾಡಿಗೆ ಮನೆ ಹಿಡಿದಿದ್ದರು. ಆಳಂದದ ಬಸ್ ನಿಲ್ದಾಣದಲ್ಲಿ ಅವರನ್ನು ಬಸ್ಸಿಗೆ ಹತ್ತಿಸಿದೆ. ಆಮೇಲೆ ನಾವು ಭೇಟಿಯಾಗಿಲ್ಲ. ಹೊಸ ಡಾಕ್ಟರು ಪ್ಯಾಂಟು ಹಾಕುತ್ತಾರೆ. ಎಮ್ಮೆಗಳು ಅವರನ್ನು ತಿರುಗಿಯೂ ನೋಡುವುದಿಲ್ಲ. ನನ್ನ ದುಪಟ್ಟಾ ಈಗ ಬೇಸಿಗೆಯಲ್ಲಿ ಮನೆಯ ಗೂಟಕ್ಕೇ ಇರುತ್ತದೆ.

ಬಸ್ಸು ಹೊರಡುವ ಮುಂಚೆ, "ಸೀರಿ ಉಟಗೊಂಡ ಹೋಗಬೇಕಿತ್ತಲ್ರಿ ಮೇಡಂ, ದೂರದ ಹಾದಿ" ಎಂದು ನಾನು ಕೆಣಕಿದ್ದೆ. ಅವರು ಕಿಟಕಿಯಿಂದ ಹೊರಗೆ ಬಂದ ತೋಳಿನ ಝಾಲರನ್ನು ಒಳಗೆ ಎಳೆದುಕೊಂಡು, ಎದೆಗೆ ಕೈಯೊತ್ತಿ ಹೇಳಿದರು.

"ತಂಗಿಗಿ ತೋರಿಸಬೇಕಲ್ಲ ಸುಜಾತಾ. ಬರೇ ತೋರಸ್ತೇನಿ, ನೋಡ. ಈ ಸಲ ಆಕಿಗಿ ಕೊಡಂಗಿಲ್ಲ."