ಒಂದೇ ಪಾತ್ರೆಯ ಐದು ಬಟ್ಟಲು

ನನ್ನ ತಮ್ಮ ಕಾಫಿ ಹುರಿದು ಪುಡಿ ಮಾಡುವ ಕಾರ್ಖಾನೆಯಲ್ಲಿ ರುಚಿ ನೋಡುವವನಾಗಿದ್ದ. ಇಪ್ಪತ್ತಾರು ವರ್ಷ ಅದೇ ಮೇಜು, ಅದೇ ಚಮಚ. ಅಂದಂದು ಹುರಿದ ಕಾಫಿಯನ್ನು ಬಟ್ಟಲುಗಳಲ್ಲಿ ಸಾಲಾಗಿ ಇಡುತ್ತಾರೆ. ಚಮಚದಿಂದ ಸೊರ್ರೆಂದು ಎಳೆದು, ಬಾಯಲ್ಲಿ ಆಡಿಸಿ, ಕಾಲ ಬಳಿಯ ಡಬ್ಬಿಗೆ ಉಗುಳಬೇಕು. ಎಲ್ಲರೂ ಉಗುಳುತ್ತಾರೆ, ಇವನು ನುಂಗುತ್ತಿದ್ದ. ಕಹಿಯ ನಿಜ ತಿಳಿಯುವುದು ಗಂಟಲು ದಾಟಿದ ಮೇಲೆಯೇ ಎನ್ನುವುದು ಅವನ ವೇದಾಂತ. ದಿನಕ್ಕೆ ಅರವತ್ತು ಬಟ್ಟಲು. ಮೊಂಡನಿಗೆ ಬುದ್ಧಿ ಹೇಳುವವರು ಯಾರು?

ಎದೆಯುರಿ ಬಾರದೆ ಇನ್ನೇನು ಬಂದೀತು? ಚಪ್ಪಲಿ ಹಾಕಿಕೊಳ್ಳಲು ಬಗ್ಗಿದರೂ ಹುಳಿ ಗಂಟಲಿಗೆ ಬರುತ್ತಿತ್ತು. ಕಾರ್ಖಾನೆಯಲ್ಲಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಹೊಟ್ಟೆ ಕೆಟ್ಟವನನ್ನು ಆ ಮೇಜಿನ ಹತ್ತಿರವೂ ಬಿಟ್ಟುಕೊಳ್ಳುವುದಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ, ಆ ಮೇಜು ಬಿಟ್ಟರೆ ಅವನಿಗೆ ಬೇರೆ ಪ್ರಪಂಚವೇ ಇರಲಿಲ್ಲ.

ಆಗ ಮನೆವೈದ್ಯೆಯಾದದ್ದು ನಾನು. ಗಂಡ ತೀರಿಕೊಂಡ ಮೇಲೆ ಅವನ ಜೊತೆಗೇ ಇದ್ದೇನೆ. ಅಕ್ಕ ಬೇರೆ, ಸುಮ್ಮನಿರುವ ಜಾಯಮಾನವಲ್ಲ. ಕಹಿ ತಿಂದರೆ ಜೀರ್ಣ ಸರಾಗ ಎಂದು ಯಾರೋ ಅಂದದ್ದನ್ನೇ ಹಿಡಿದುಕೊಂಡು, ಕಹಿ ಬೇರು ಕುದಿಸಿ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅರ್ಧ ಲೋಟ ಕಷಾಯ ಕುಡಿಸಿದೆ. ವಾರದ ಮೇಲೆ ಅವನು ಮುಖ ಕಿವುಚಿಕೊಂಡು ಹೇಳಿದ:

"ಅಕ್ಕ, ಇದನ್ನ ಕುಡಿದ್ಮೇಲೆ ಉರಿ ಜಾಸ್ತಿ ಆಗ್ತಿದೆ."

"ಉರಿದ್ರೆ ಔಷಧಿ ಕೆಲಸ ಮಾಡ್ತಿದೆ ಅಂತ ಅರ್ಥ ಕಣೋ. ಬಾಯ್ಮುಚ್ಕೊಂಡು ಕುಡಿ."

"ಬಾಯ್ಮುಚ್ಕೊಂಡು ಹೇಗೆ ಕುಡೀಲಿ?"

ಇಬ್ಬರೂ ನಕ್ಕೆವು. ಮರುದಿನದಿಂದ ನಾನು ಅರ್ಧ ಲೋಟವನ್ನು ಪೂರ್ತಿ ಲೋಟ ಮಾಡಿದೆ. ಅಂದು ನಕ್ಕದ್ದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತಿಂಗಳು ಕಳೆಯುವಷ್ಟರಲ್ಲಿ, ಹುರಿದ ಕಾಫಿಯನ್ನು ಅವನು ಒಂದೇ ವಾರದಲ್ಲಿ ನಾಲ್ಕು ಸಲ ಹುಳಿಯೆಂದು ತಳ್ಳಿಹಾಕಿದ. ಹುರಿಯುವವನು ರೇಗಿ ಯಜಮಾನರ ಬಳಿ ಹೋದ. ಯಜಮಾನರು ಕೂಗಾಡುವ ಪೈಕಿಯವರಲ್ಲ. ಒಂದೇ ಪಾತ್ರೆಯಲ್ಲಿ ಕಾಫಿ ಮಾಡಿಸಿ, ಐದು ಬಟ್ಟಲಿಗೆ ಹೊಯ್ಯಿಸಿ, ಐದಕ್ಕೂ ಬೇರೆ ಬೇರೆ ಚೀಟಿ ಅಂಟಿಸಿ ತಮ್ಮನ ಮುಂದಿಟ್ಟರು. ಮೊದಲೆರಡು ಚೆನ್ನಾಗಿವೆ ಎಂದ. ಮೂರನೆಯದನ್ನು ನುಂಗುವಾಗ ಹೊಟ್ಟೆಯ ಹುಳಿ ಬಾಯಿಗೆ ಬಂತು. ಉಳಿದ ಮೂರೂ ಹುಳಿ ಎಂದು ಬರೆದುಕೊಟ್ಟ. ಹುರಿಯುವವನು ಆ ಪಾತ್ರೆಯನ್ನು ತಂದು ಮೇಜಿನ ಮೇಲೆ ಇಟ್ಟು, ಐದೂ ಇದರದ್ದೇ ಎಂದನಂತೆ. ಯಾರೂ ನಗಲಿಲ್ಲವಂತೆ. ಮರುದಿನದಿಂದ ನನ್ನ ತಮ್ಮನಿಗೆ ಪುಡಿ ತುಂಬಿದ ಚೀಲ ಹೊಲಿಯುವ ಕೆಲಸ.

ಕೆಟ್ಟ ಮೇಲೆ ಬುದ್ಧಿ ಬಂತು. ಡಾಕ್ಟರ ಹತ್ತಿರ ಹೋದೆವು.

"ಕಹಿ ಕೆಲವರಿಗೆ ಒಗ್ಗುತ್ತೆ, ಕೆಲವರಿಗೆ ಉರಿ ಹೆಚ್ಚಾಗುತ್ತೆ. ಇವ್ರಿಗೆ ಆಗಲ್ಲ ಅಂತ ಮೊದಲ್ನೇ ವಾರಾನೇ ಗೊತ್ತಾಗಿತ್ತಲ್ಲಮ್ಮ, ಯಾಕೆ ನಿಲ್ಲಿಸ್ಲಿಲ್ಲ?" ಎಂದರು.

ಕಷಾಯ, ಕಾಫಿ ಎರಡೂ ನಿಂತವು, ಮಾತ್ರೆ ಶುರುವಾಯಿತು. ಎರಡು ತಿಂಗಳಲ್ಲಿ ಉರಿ ಹೇಳಹೆಸರಿಲ್ಲದೆ ಹೋಯಿತು.

ಅವನಿಗೆ ಹೇಳದೆ ಯಜಮಾನರ ಮನೆಗೆ ಹೋದೆ. ತಪ್ಪು ನನ್ನ ಕಷಾಯದ್ದು, ಅವನ ನಾಲಿಗೆಯದ್ದಲ್ಲ, ಇನ್ನೊಮ್ಮೆ ಕೂರಿಸಿ ನೋಡಿ, ಈ ಸಲ ಉಗುಳುತ್ತಾನೆ ಎಂದು ಕೈಮುಗಿದೆ. ನಾಳೆ ಮೇಜಿಗೆ ಬರಲಿ ಎಂದರು. ಮನೆಗೆ ಓಡೋಡಿ ಬಂದೆ.

"ನಾಳೆಯಿಂದ ನಿನ್ ಮೇಜು ನಿಂಗೇ ಕಣೋ."

ತಮ್ಮ ಅಂಗೈಯಲ್ಲಿ ಸೂಜಿ ಚುಚ್ಚಿದ ಜಾಗ ತಿಕ್ಕುತ್ತ ಕೂತಿದ್ದ. ಸಿಟ್ಟು ಮಾಡಲಿಲ್ಲ.

"ಆಗಲ್ಲ ಅಕ್ಕ. ನಾಳೆ ಚಮಚ ಬಾಯಿಗಿಟ್ಟ ತಕ್ಷಣ, ಈ ಹುಳಿ ಕಾಫೀದಾ ನಂದಾ ಅಂತ ಯೋಚ್ನೆ ಬರುತ್ತೆ. ಹಾಗೆ ಯೋಚ್ನೆ ಮಾಡೋನು ಆ ಮೇಜಿಗೆ ಕೂರಬಾರ್ದು."

"ಉರಿ ವಾಸಿಯಾಗಿದ್ಯಲ್ಲೋ."

"ಉರಿ ವಾಸಿಯಾಗಿದೆ," ಎಂದ.

ಮಾರನೆಯ ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು, ಚೀಲ ಹೊಲಿಯಲು ಹೋದ.